ಹಸ್ತಪ್ರತಿ ಸೂಚಿ : ನಡೆದು ಬಂದ ದಾರಿ ಮತ್ತು ನಮ್ಮ ಕರ್ತವ್ಯ

ಹಳ್ಳಿಯ ಮಠಗಳಲ್ಲಿಯೂ ಭಕ್ತರ ಮನೆಯ ದೇವರ ಜಗಲಿಯ ಮೇಲೆಯೂ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹಬ್ಬ ಹುಣ್ಣಿಮೆಗಳಲ್ಲಿ ಅವುಗಳಿಗೆ ವಿಭೂತಿ, ಪತ್ರೆ, ಪುಷ್ಪಗಳಿಂದ ಪೂಜೆ ಸಲ್ಲುತ್ತದೆ. ಮಂಗಳಾರತಿಯಾದ ಮೇಲೆ ಅವು ಮತ್ತೆ ಗೂಡು ಸೇರುತ್ತವೆ. ಆ ಕಟ್ಟಿನಲ್ಲಿರುವ ಗ್ರಂಥ ಯಾವುದು, ಅದನ್ನು ರಚಿಸಿದವರು ಯಾರು, ಗರಿಗಳೆಷ್ಟು ಎಂದು ಕೇಳಿದರೆ ‘ನಮ್ಮ ಹಿರಿಯರ ಕಾಲದ್ದು’ ಎಂಬ ಉತ್ತರದ ಹೊರತು ಬೇರೊಂದು ದೊರೆಯುವುದು ಅಪರೂಪ. ಪೂಜೆಯಿಂದ ಗ್ರಂಥದ ಗೌರವ ಉಳಿದು ಬಂದಿದೆ. ಅದರ ಪರಿಚಯ ಮಾತ್ರ ಅಳಿದು ಹೋಗಿದೆ.

ವಾಚಕ ಬಂಧುಗಳೇ, ಪರಿಚಯವಿಲ್ಲದ ಗ್ರಂಥವು ಇದ್ದೂ ಇಲ್ಲದಂತೆ. ವಿದ್ವಾಂಸನು ಅದನ್ನು ಅರಸಿ ಬರಲಾರನು, ಏಕೆಂದರೆ ಅದು ಅಲ್ಲಿದೆಯೆಂಬುದೇ ಅವನಿಗೆ ತಿಳಿಯದು. ಕಳೆದುಹೋದರೆ ಕಳೆದುಹೋಯಿತೆಂದು ಹೇಳುವವರೂ ಇರುವುದಿಲ್ಲ. ಈ ಕೊರತೆಯನ್ನು ನೀಗಿಸುವ ಸಾಧನವೇ ಹಸ್ತಪ್ರತಿ ಸೂಚಿ. ನೋಡುವುದಕ್ಕೆ ಅದು ಕೇವಲ ಒಂದು ಪಟ್ಟಿ. ಆದರೆ ಆ ಪಟ್ಟಿಯಲ್ಲಿ ಯಾವ ಅಂಕಣವಿರಬೇಕು, ಯಾವುದು ಬೇಡ ಎಂಬುದನ್ನು ನಿರ್ಣಯಿಸುವುದಕ್ಕೆ ಎರಡು ಶತಮಾನಗಳ ದುಡಿಮೆ ಬೇಕಾಯಿತು. ಅಂಕಣವಿಲ್ಲದ ಕಡೆಯಲ್ಲಿ ಗ್ರಂಥಗಳೂ ಗ್ರಂಥಕರ್ತರೂ ಮರೆಯಾದುದುಂಟು. ಆ ಇತಿಹಾಸವನ್ನು ಸ್ಥೂಲವಾಗಿ ನಿವೇದಿಸಿ, ನಮ್ಮ ಪಾಲಿಗೆ ಉಳಿದಿರುವ ಕರ್ತವ್ಯವನ್ನು ನೆನಪಿಸುವುದೇ ಈ ಲೇಖನದ ಉದ್ದೇಶ.

ಅಚ್ಚಿನ ಪುಸ್ತಕ ಮತ್ತು ಹಸ್ತಪ್ರತಿ

ಅಚ್ಚಿನ ಪುಸ್ತಕಕ್ಕೆ ಮುಖಪುಟವುಂಟು. ಅದರಲ್ಲಿ ಕೃತಿಯ ಹೆಸರು, ಕರ್ತೃವಿನ ಹೆಸರು, ಪ್ರಕಾಶಕರು, ವರ್ಷ ಎಲ್ಲವೂ ಕಾಣುತ್ತವೆ. ಅಂತಹ ಪುಸ್ತಕಗಳನ್ನು ಪಟ್ಟಿ ಮಾಡುವುದಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಆಂಟೋನಿಯೊ ಪಾನಿಜ್ಜಿ ಎಂಬವನು 1841ರಲ್ಲಿ 91 ನಿಯಮಗಳನ್ನು ಪ್ರಕಟಿಸಿದನು. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ದಶಮಾಂಶ ವರ್ಗೀಕರಣವನ್ನು ಹೊರತಂದನು. ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಎಸ್. ಆರ್. ರಂಗನಾಥನ್ ಅವರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನೂ 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನೂ ಪ್ರಕಟಿಸಿದ ಆ ಮಹನೀಯರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ಕಾಲವಶರಾದರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಅವರ ಸೂತ್ರಗಳಲ್ಲಿ ಎರಡರ ತಾತ್ಪರ್ಯ.

ಓಲೆಗರಿಯ ಕಟ್ಟಿಗೆ ಈ ನಿಯಮಗಳನ್ನು ನೇರವಾಗಿ ಅನ್ವಯಿಸುವಂತಿಲ್ಲ. ಅದಕ್ಕೆ ಮುಖಪುಟವಿಲ್ಲ. ಪದಗಳ ನಡುವೆ ಅಂತರವಿಲ್ಲ, ವಿರಾಮಚಿಹ್ನೆಗಳಿಲ್ಲ. ಹಳೆಯ ಬರವಣಿಗೆಯಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಗಳ ಭೇದವನ್ನೂ ತೋರಿಸಿರುವುದಿಲ್ಲ. ಪುಟಸಂಖ್ಯೆಯ ಬದಲು ಗರಿಯ ಸಂಖ್ಯೆಯಿರುತ್ತದೆ. ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳು ಒಂದರ ಬೆನ್ನಿಗೊಂದು ಬರುವುದುಂಟು; ಒಂದೇ ಕೃತಿ ಎರಡು ಕಟ್ಟುಗಳಲ್ಲಿ ಹಂಚಿಹೋಗಿರುವುದೂ ಉಂಟು. ಕರ್ತೃವಿನ ಹೆಸರು ಆರಂಭದಲ್ಲಿರದೆ ಕೊನೆಯ ವಾಕ್ಯದಲ್ಲಿರಬಹುದು. ಆ ಕೊನೆಯ ಗರಿಯೇ ಮುರಿದು ಹೋಗಿರಬಹುದು. ಒಂದೇ ಮುದ್ರಣದ ಸಾವಿರ ಪುಸ್ತಕಗಳು ಒಂದೇ ರೀತಿಯವು. ಹಸ್ತಪ್ರತಿಯಾದರೋ ಪ್ರತಿಯೊಂದೂ ಬೇರೆ. ಒಂದು ನಾಶವಾದರೆ ಅದರಂತಹ ಇನ್ನೊಂದಿಲ್ಲ. ಆದುದರಿಂದಲೇ ಹಸ್ತಪ್ರತಿಗಳಿಗೆ ಪ್ರತ್ಯೇಕವಾದ ಸೂಚೀಕ್ರಮವೊಂದು ಅವಶ್ಯವಾಯಿತು.

ಸ್ಥಲಕಟ್ಟು : ನಮ್ಮವರೇ ಮಾಡಿದ ವಿಂಗಡಣೆ

ಈ ಶಾಸ್ತ್ರವು ಪಶ್ಚಿಮದಿಂದ ಬಂದುದೆಂದು ಮಾತ್ರ ಭಾವಿಸಬಾರದು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಕಲ್ಯಾಣದ ವಿಪ್ಲವದ ತರುವಾಯ ಚದುರಿಹೋದುವು. ವಿಜಯನಗರದ ಪ್ರೌಢದೇವರಾಯನ ಕಾಲದಿಂದ, ಎಂದರೆ ಹದಿನೈದನೆಯ ಶತಮಾನದಿಂದ, ವಿರಕ್ತರೂ ವಿದ್ವಾಂಸರೂ ಅವನ್ನು ಮತ್ತೆ ಒಟ್ಟುಗೂಡಿಸತೊಡಗಿದರು. ಸಂಗ್ರಹಿಸಿದ ವಚನಗಳನ್ನು ಅವರು ರಾಶಿ ಹಾಕಿ ಬಿಡಲಿಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಿಗೆ ಅನುಗುಣವಾಗಿ ಅವನ್ನು ವಿಂಗಡಿಸಿದರು. ಮುಂದೆ ಅವಾಂತರ ಸ್ಥಲಗಳನ್ನು ಕಲ್ಪಿಸಿ ನೂರೊಂದರವರೆಗೆ ವಿಸ್ತರಿಸಿದರು. ಮಹಲಿಂಗದೇವ, ಜಕ್ಕಣಾರ್ಯ ಮೊದಲಾದವರು ಈ ಏಕೋತ್ತರಶತಸ್ಥಲದ ಪರಂಪರೆಯಲ್ಲಿ ಸ್ಮರಣೀಯರು.

ಸ್ಥಲಕಟ್ಟಿನ ಈ ಸಂಕಲನಗಳನ್ನು ನಾವು ಧರ್ಮಗ್ರಂಥಗಳೆಂದು ಓದುತ್ತೇವೆ, ಅದು ಯುಕ್ತವೇ. ಗ್ರಂಥಾಲಯ ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅವು ವಿಷಯಾನುಕ್ರಮ ವರ್ಗೀಕರಣಗಳೂ ಹೌದು. ಸಾಧಕನಿಗೆ ಯಾವ ವಚನ ಯಾವ ಹಂತದಲ್ಲಿ ಬೇಕೋ ಅದು ಅಲ್ಲಿಯೇ ಕೈಗೆ ಸಿಗುವಂತೆ ಜೋಡಿಸಿದ ವ್ಯವಸ್ಥೆ ಅದು. ಆದರೆ ಆ ಹಿರಿಯರ ಗಮನವೆಲ್ಲ ವಚನದ ಅರ್ಥದ ಮೇಲಿತ್ತು; ಪ್ರತಿಯು ಎಲ್ಲಿಂದ ಬಂತು, ಎಂದು ಬರೆಯಲ್ಪಟ್ಟಿತು, ಯಾರ ಬಳಿಯಿತ್ತು ಎಂಬ ಸಂಗತಿಗಳ ಮೇಲೆ ಇರಲಿಲ್ಲ. ಆ ಬಗೆಯ ದಾಖಲೆಯ ಅಭ್ಯಾಸ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಂದು ದಿಕ್ಕಿನಿಂದ ಬಂದಿತು.

ಮೆಕೆಂಜಿಯ ಸಂಗ್ರಹ

ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸೀಮೆಯ ಭೂಮಾಪನಕ್ಕೆ ನಿಯುಕ್ತನಾದ ಕರ್ನಲ್ ಕಾಲಿನ್ ಮೆಕೆಂಜಿ ನೆಲವನ್ನು ಅಳೆಯುವುದರ ಜೊತೆಗೆ ಊರೂರಿನ ಶಾಸನ, ಓಲೆಗರಿ, ನಾಣ್ಯ, ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಕನ್ನಡ, ತೆಲುಗು, ತಮಿಳು ಬಲ್ಲ ದೇಶೀಯ ಪಂಡಿತರು ಅವನ ಕೈಗಳೂ ಕಣ್ಣುಗಳೂ ಆಗಿದ್ದರು. ಕಾವಲಿ ಬೊರ್ರಯ್ಯ, ಕಾವಲಿ ಲಕ್ಷ್ಮಯ್ಯ ಸಹೋದರರು ಅವರಲ್ಲಿ ಪ್ರಮುಖರು. ಜೈನ ಪಂಡಿತ ಧರ್ಮಯ್ಯನೂ ಅವರಲ್ಲೊಬ್ಬನು. 1821ರಲ್ಲಿ ಮೆಕೆಂಜಿ ತೀರಿಕೊಂಡಾಗ ಅವನ ಸಂಗ್ರಹವನ್ನು ಈಸ್ಟ್ ಇಂಡಿಯಾ ಕಂಪನಿಯು 10,000 ಪೌಂಡುಗಳಿಗೆ ಕೊಂಡಿತು.

ಆ ರಾಶಿಗೆ ಸೂಚಿಯೊಂದನ್ನು ಸಿದ್ಧಪಡಿಸಿದವನು ಕಲಕತ್ತೆಯ ಸಂಸ್ಕೃತ ವಿದ್ವಾಂಸ ಎಚ್. ಎಚ್. ವಿಲ್ಸನ್. 1828ರಲ್ಲಿ ಪ್ರಕಟವಾದ ಅವನ ಸೂಚಿಯ ಪ್ರಕಾರ ಆ ಸಂಗ್ರಹದಲ್ಲಿ 1,568 ಗ್ರಂಥಗಳೂ 8,076 ಶಾಸನ ಪ್ರತಿಗಳೂ 6,218 ನಾಣ್ಯಗಳೂ ಇದ್ದುವು. ಇಂತಹ ಕಾರ್ಯಕ್ಕೆ ಕೈಹಾಕಿದುದೇ ಸ್ತುತ್ಯರ್ಹ. ಆದರೆ ವಿಲ್ಸನ್ನನಿಗೆ ದಕ್ಷಿಣದ ಭಾಷೆಗಳು ಬಾರವು. ಪಂಡಿತರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಸಾರಾಂಶಗಳನ್ನು ಆಧರಿಸಿ ಅವನು ಸೂಚಿಯನ್ನು ರಚಿಸಿದನು. ಎಂದ ಮೇಲೆ ಅವನು ಬಣ್ಣಿಸಿದ ದಕ್ಷಿಣದ ಗ್ರಂಥಗಳನ್ನು ಅವನೇ ಓದಿರಲಿಲ್ಲ. ಸೂಚೀಕಾರನು ಗ್ರಂಥದ ಲಿಪಿಯನ್ನೂ ಭಾಷೆಯನ್ನೂ ಸ್ವತಃ ಬಲ್ಲವನಾಗಿರಬೇಕು, ಕಟ್ಟನ್ನು ಬಿಚ್ಚಿ ತಾನೇ ಓದಿರಬೇಕು ಎಂಬುದು ಈ ಇತಿಹಾಸ ಕಲಿಸುವ ಮೊದಲನೆಯ ಪಾಠ. ದಕ್ಷಿಣ ಭಾಷೆಗಳ ಗ್ರಂಥಗಳು ಮುಂದೆ ಮದರಾಸಿಗೆ ಮರಳಿದುವು. ಅಲ್ಲಿ ವಿಲಿಯಂ ಟೇಲರ್ 1857ರಿಂದ 1862ರ ಅವಧಿಯಲ್ಲಿ ಮೂರು ಸಂಪುಟಗಳ ಸೂಚಿಯೊಂದನ್ನು ಹೊರತಂದನು.

ಈ ಸಂಗ್ರಹದಲ್ಲಿ ಕಡತಗಳೂ ಇದ್ದುವು. ಇಂದು ಕಡತವೆಂದರೆ ನಮಗೆ ಕಚೇರಿಯ ಕಾಗದಗಳು ನೆನಪಾಗುತ್ತವೆ. ಮೂಲದಲ್ಲಿ ಅದು ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಒರೆಸಿದರೆ ಅಳಿಯುವ ಬರಹವದು. ಆದುದರಿಂದ ಪ್ರತಿಯು ಓಲೆಯೋ, ಕಾಗದವೋ, ಕಡತವೋ ಎಂದು ಬರೆದಿಡುವುದು ವ್ಯರ್ಥ ವಿವರವಲ್ಲ. ಹೇಗೆ ರಕ್ಷಿಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಮೆಕೆಂಜಿಯ ಕಾಲದ ಕನ್ನಡ ಕೈಫಿಯತ್ತುಗಳು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂದು 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಅಚ್ಚಾದುವು. ಪಟ್ಟಿಯಲ್ಲಿ ದಾಖಲಾದುದು ನೂರೈವತ್ತು ವರ್ಷ ಕಾದರೂ ಕಡೆಗೆ ತನ್ನ ಓದುಗನನ್ನು ಕಂಡುಕೊಳ್ಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಅಂಕಣದ ಹೊರಗುಳಿದ ಕನ್ನಡ

ಲಾಹೋರಿನ ಪಂಡಿತ ರಾಧಾಕೃಷ್ಣರ ಬಿನ್ನಹದಂತೆ 1868ರಲ್ಲಿ ಭಾರತ ಸರಕಾರವು ದೇಶದಾದ್ಯಂತ ಹಸ್ತಪ್ರತಿಗಳನ್ನು ಶೋಧಿಸಿ ಪಟ್ಟಿ ಮಾಡುವ ಯೋಜನೆಯನ್ನು ಕೈಗೊಂಡಿತು. ಅದರ ಫಲವಾಗಿ ಪ್ರಾಂತ ಪ್ರಾಂತಗಳಲ್ಲಿ ಸೂಚಿಗಳು ಹೊರಬಂದುವು. ನಮ್ಮ ಕಡೆಯ ಪ್ರತಿಗಳ ಬಗ್ಗೆ ಬಿ. ಎಲ್. ರೈಸ್ ಅವರು 1884ರಲ್ಲಿ ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಪ್ರಕಟಿಸಿದರು. ಜರ್ಮನಿಯ ಥಿಯೊಡೋರ್ ಔಫ್ರೆಕ್ಟ್ ಇಂತಹ ಸೂಚಿಗಳನ್ನೆಲ್ಲ ಒಂದುಗೂಡಿಸಿ, 1891, 1896, 1903ರಲ್ಲಿ ಮೂರು ಭಾಗಗಳಾಗಿ ‘ಸೂಚಿಗಳ ಸೂಚಿ’ಯನ್ನು ಸಿದ್ಧಪಡಿಸಿದನು. ಅದನ್ನು ವಿಸ್ತರಿಸಿದ ಹೊಸ ಮಹಾಸೂಚಿಯ ಮೊದಲ ಸಂಪುಟವನ್ನು ಮದರಾಸು ವಿಶ್ವವಿದ್ಯಾಲಯವು 1949ರಲ್ಲಿ ಹೊರತಂದಿತು.

ಇವೆಲ್ಲವೂ ಮಹತ್ಕಾರ್ಯಗಳೇ. ಆದರೆ ಓದುಗರು ಒಂದು ಮಾತನ್ನು ಗಮನಿಸಬೇಕು. ಆ ಯೋಜನೆ ಸಂಸ್ಕೃತ ಗ್ರಂಥಗಳಿಗಾಗಿ ನಿರ್ಮಿತವಾದುದು. ಒಂದು ಮನೆಯ ಪೆಟ್ಟಿಗೆಯಲ್ಲಿ ಸಂಸ್ಕೃತದ ಆಗಮವೂ ಕನ್ನಡದ ವಚನದ ಕಟ್ಟೂ ಒಟ್ಟಿಗಿದ್ದರೆ ಮೊದಲನೆಯದು ಮಾತ್ರ ಅಂತಹ ಪಟ್ಟಿಗೆ ಸಲ್ಲುತ್ತಿತ್ತು. ಎರಡನೆಯದಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಪಟ್ಟಿಯ ಶಿರೋನಾಮೆಯೇ ಹಾಗಿತ್ತು. ಬಹುಕಾಲದವರೆಗೆ ಲೋಕದ ವಿದ್ವಾಂಸರು ಆಡುಭಾಷೆಯಲ್ಲಿ ಅನುಭಾವವನ್ನು ನುಡಿದ ಶರಣರ ಸಾಹಿತ್ಯದ ವ್ಯಾಪ್ತಿಯನ್ನು ಅರಿಯದೆ ಹೋದುದಕ್ಕೆ ಇದೂ ಒಂದು ಕಾರಣವೆಂದರೆ ಅತಿಶಯೋಕ್ತಿಯಾಗಲಾರದು.

ಮೈಸೂರಿನ ಪ್ರಾಚ್ಯ ಕೋಶಾಗಾರ

1891ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರಿನ ಪ್ರಾಚ್ಯ ಕೋಶಾಗಾರವು ಸ್ಥಾಪನೆಯಾಯಿತು. ಅಲ್ಲಿ ಸಂಸ್ಕೃತದೊಡನೆ ಕನ್ನಡದ ಗ್ರಂಥಗಳಿಗೂ ಆದರ ದೊರೆಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಕೋಶಾಗಾರಕ್ಕೆ ಗ್ರಂಥಲಿಪಿಯ ಓಲೆಗರಿಯೊಂದನ್ನು ಒಪ್ಪಿಸಿದ್ದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿದರು. ಹೆಸರು ಮಾತ್ರ ಕೇಳಿಬರುತ್ತಿದ್ದ, ಲುಪ್ತವಾಯಿತೆಂದೇ ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು! 1909ರಲ್ಲಿ ಅದರ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದುವು. ಪ್ರಾಚೀನ ಭಾರತದ ರಾಜ್ಯಶಾಸ್ತ್ರದ ಬಗೆಗಿನ ಅಭಿಪ್ರಾಯಗಳು ಲೋಕದಲ್ಲಿ ಬದಲಾದುವು. ಆ ಕಟ್ಟು ಅದಕ್ಕೂ ಮೊದಲು ಎಷ್ಟೋ ತಲೆಮಾರುಗಳ ಕಾಲ ಯಾರದೋ ಮನೆಯಲ್ಲಿ ಇದ್ದೇ ಇತ್ತು. ಇಲ್ಲದಿದ್ದುದು ಅದನ್ನು ಬಿಚ್ಚಿ ಓದಿ ಹೆಸರು ಬರೆದಿಡುವ ಕೈ.

ಕನ್ನಡದ ಮಟ್ಟಿಗೆ ಇಂತಹ ಉಪಕಾರ ಮಾಡಿದವರು ಆರ್. ನರಸಿಂಹಾಚಾರ್ಯರು. ಎಸ್. ಜಿ. ನರಸಿಂಹಾಚಾರ್ಯರ ಸಹಕಾರದೊಡನೆ 1907ರಲ್ಲಿ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು ಹೊರತಂದ ಅವರು 1919 ಮತ್ತು 1929ರಲ್ಲಿ ಉಳಿದೆರಡು ಸಂಪುಟಗಳನ್ನು ಪೂರೈಸಿದರು. ಕವಿಯ ಕಾಲ, ಮತ, ಕೃತಿ, ಗ್ರಂಥದ ಮಾದರಿ ಭಾಗಗಳನ್ನು ಕ್ರಮವಾಗಿ ಕೊಟ್ಟ ಆ ಸಂಪುಟಗಳು ಇಂದಿಗೂ ಸಂಶೋಧಕರಿಗೆ ಕೈದೀವಿಗೆಯಾಗಿವೆ.

ಮನೆಮನೆಯ ಕಟ್ಟು ಬಿಚ್ಚಿಸಿದ ಹಳಕಟ್ಟಿಯವರು

ಕೋಶಾಗಾರಗಳಿಗೆ ಬಾರದ ಗ್ರಂಥಗಳ ಗತಿಯೇನು? ಉತ್ತರ ಕರ್ನಾಟಕದ ಮಠಗಳಲ್ಲಿ, ವ್ಯಾಪಾರಸ್ಥರ, ನೇಕಾರರ, ರೈತರ ಮನೆಗಳಲ್ಲಿ ವಚನದ ಕಟ್ಟುಗಳು ಪೂಜೆಗೊಳ್ಳುತ್ತಿದ್ದುವು. ಅವನ್ನು ಅರಸಿ ಹೊರಟವರು ಡಾ. ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡ ಅವರು ರಬಕವಿ, ಬನಹಟ್ಟಿ ಮೊದಲಾದ ಊರುಗಳ ಮನೆಗಳನ್ನು ಹೊಕ್ಕು, ಮನೆಯವರ ಮನವೊಲಿಸಿ, ಕಟ್ಟುಗಳನ್ನು ಬಿಚ್ಚಿಸಿ ಪ್ರತಿ ಮಾಡಿಕೊಂಡರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವು ಬೆಳಕು ಕಂಡಿತು. 1925ರಲ್ಲಿ ಅವರು ತಮ್ಮದೇ ಆದ ಹಿತಚಿಂತಕ ಮುದ್ರಣಾಲಯವನ್ನು ನಿಲ್ಲಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾಯಕವನ್ನು ಬಿಡಲಿಲ್ಲ.

ಅವರಿಗಿಂತ ಮುಂಚೆ ವಿದ್ವಾಂಸರ ಗಣನೆಗೆ ಬಂದಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು. ಆ ಶರಣರೆಲ್ಲ ಹೊಸದಾಗಿ ಹುಟ್ಟಿಬಂದವರಲ್ಲ. ಅವರ ನುಡಿಗಳು ಗರಿಗಳಲ್ಲಿ ಇದ್ದೇ ಇದ್ದುವು. ಹಳಕಟ್ಟಿಯವರು ಅಂಕಿತಗಳನ್ನು ಒಂದೊಂದಾಗಿ ಬೇರ್ಪಡಿಸಿ, ಒಬ್ಬೊಬ್ಬರ ಹೆಸರಿನಲ್ಲಿ ಬರೆದಿಟ್ಟರು. ಸೂಚಿಯ ಕೆಲಸವೆಂಬುದು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಬೀಜವೇ ಬೆಳೆದು, 1993ರಲ್ಲಿ ಕರ್ನಾಟಕ ಸರಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ ಹದಿನೈದು ಹೊತ್ತಗೆಗಳಾಗಿ ಫಲಿಸಿತು.

ಒಂದೊಂದು ಅಂಕಣದ ಮಹತ್ವ

ಕಾಲಕ್ರಮದಲ್ಲಿ ವಿಶ್ವವಿದ್ಯಾಲಯಗಳು ಈ ಕಾರ್ಯವನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡುವು. 1966ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯು ಕನ್ನಡ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಸಂಪುಟ ಸಂಪುಟವಾಗಿ ಹೊರತಂದಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವೂ ಇದೇ ದಾರಿಯಲ್ಲಿ ದುಡಿದಿವೆ. ವರ್ಣನಾತ್ಮಕ ಸೂಚಿಯಲ್ಲಿ ಕ್ರಮಸಂಖ್ಯೆ, ಕೃತಿ, ಕರ್ತೃ, ವಸ್ತು, ಲಿಪಿ, ಭಾಷೆ, ಗರಿಗಳ ಸಂಖ್ಯೆ, ಉದ್ದ ಅಗಲ, ಗರಿಗೆ ಎಷ್ಟು ಸಾಲು, ಆದಿ, ಅಂತ್ಯ, ಪುಷ್ಪಿಕೆ, ಲಿಪಿಕಾರ, ಕಾಲ, ಪ್ರತಿಯ ಸ್ಥಿತಿ, ದೊರೆತ ಸ್ಥಳ ಎಂಬ ಅಂಕಣಗಳಿರುತ್ತವೆ. ಇಷ್ಟೊಂದು ವಿವರವೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಸಾಹಿತ್ಯದ ಉದಾಹರಣೆಗಳಿಂದಲೇ ಅದನ್ನು ಪರಿಶೀಲಿಸೋಣ.

ಕೃತಿಯ ಹೆಸರೊಂದನ್ನೇ ಬರೆದರೆ ಸಾಲದು. ‘ಶೂನ್ಯಸಂಪಾದನೆ’ ಎಂಬ ಹೆಸರಿನ ಕೃತಿಗಳು ನಾಲ್ಕು. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಇವರು ಒಬ್ಬರಾದ ಮೇಲೊಬ್ಬರು ಅದನ್ನು ಸಂಪಾದಿಸಿದರು, ಪರಿಷ್ಕರಿಸಿದರು. ಸೂಚೀಕಾರನು ಹೆಸರನ್ನಷ್ಟೇ ಬರೆದು ಬಿಟ್ಟರೆ ನಾಲ್ಕೂ ಒಂದಾಗಿ ಕಾಣುತ್ತವೆ. ಶರಣರ ಸಂವಾದವು ತಲೆಮಾರಿನಿಂದ ತಲೆಮಾರಿಗೆ ಹೇಗೆ ವಿಕಾಸಗೊಂಡಿತೆಂಬ ಇತಿಹಾಸವೇ ಮುಚ್ಚಿಹೋಗುತ್ತದೆ. ಆದಿಯ ಸಾಲುಗಳನ್ನೂ ಅಂತ್ಯದ ಸಾಲುಗಳನ್ನೂ ನಕಲು ಮಾಡಿಕೊಟ್ಟರೆ, ಆ ಪ್ರತಿಯನ್ನು ಕಾಣದ ವಿದ್ವಾಂಸನೂ ಅದು ಯಾರ ಪರಿಷ್ಕರಣವೆಂದು ನಿರ್ಧರಿಸಬಲ್ಲನು.

ಕರ್ತೃವಿನ ಅಂಕಣವು ಇನ್ನೂ ಸೂಕ್ಷ್ಮ. ವಚನಕಾರರು ತಮ್ಮ ಹೆಸರನ್ನು ಹೇಳಿಕೊಳ್ಳದೆ ಇಷ್ಟದೈವದ ಅಂಕಿತವನ್ನಿಟ್ಟರು. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ಗರಿಯ ಮೇಲೆ ಎರಡು ಅಕ್ಷರ ಅಳಿಸಿದರೆ ಒಬ್ಬರ ವಚನ ಇನ್ನೊಬ್ಬರದಾಗುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಆತನ ಸತಿ ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅವಸರದ ಸೂಚೀಕಾರನು ಅಂಕಿತದ ಕೊನೆಯ ಪದವನ್ನು ಮಾತ್ರ ನೋಡಿ ಎಲ್ಲವನ್ನೂ ಮಾರಯ್ಯನ ಲೆಕ್ಕಕ್ಕೆ ಬರೆದನೆನ್ನಿ. ಪತಿಗೆ ಕಾಯಕದ ಮರ್ಮವನ್ನು ತಿಳಿಹೇಳಿದ ಆ ಮಹಾಶರಣೆ ಒಂದು ಗೆರೆಯ ತಪ್ಪಿನಿಂದ ಕಾಣೆಯಾಗುತ್ತಾಳೆ. ಸ್ತ್ರೀಪುರುಷರಿಗೆ ಸಮಾನ ಸ್ಥಾನವಿತ್ತ ಧರ್ಮದ ಗ್ರಂಥಗಳನ್ನು ಪಟ್ಟಿ ಮಾಡುವವರು ಈ ಎಚ್ಚರವನ್ನು ಎಂದೂ ಬಿಡಬಾರದು. ಅಂಕಿತವನ್ನು ಇದ್ದಂತೆಯೇ, ಒಂದಕ್ಷರವನ್ನೂ ಬಿಡದೆ ಬರೆಯಬೇಕು. ಕರ್ತೃವಿನ ಬಗೆಗಿನ ಊಹೆಯನ್ನು ಬೇರೆ ಅಂಕಣದಲ್ಲಿ ಬರೆಯಬೇಕು.

ಕಾಲದ ಅಂಕಣವೂ ಹಾಗೆಯೇ. ಲಿಪಿಕಾರನು ಗ್ರಂಥಾಂತ್ಯದಲ್ಲಿ ಎಷ್ಟೋ ಸಲ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದು ಶಕವರ್ಷವನ್ನು ಬಿಟ್ಟಿರುತ್ತಾನೆ. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಪ್ರಭವ ಸಂವತ್ಸರವು 1867ರಲ್ಲಿಯೂ ಬಂದಿತು, 1927ರಲ್ಲಿಯೂ 1987ರಲ್ಲಿಯೂ ಬಂದಿತು. ಆದುದರಿಂದ ‘ಪ್ರಭವ’ ಎಂದಿದ್ದುದನ್ನು ಇಸವಿಗೆ ತಿರುಗಿಸಿ ಬರೆದುಬಿಡುವುದು ಅನರ್ಥಕ್ಕೆ ಎಡೆಮಾಡುತ್ತದೆ. ಪ್ರತಿಯಲ್ಲಿ ಇದ್ದುದು ಇದ್ದಂತೆ ಬರಲಿ. ತಿಥಿ ವಾರಗಳನ್ನು ಹೊಂದಿಸಿ ನೋಡುವ ಕಾರ್ಯವನ್ನು ಬಲ್ಲವರು ಮಾಡಲಿ. ಲಿಪಿ ಭಾಷೆಗಳನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಕನ್ನಡ ಲಿಪಿಯಲ್ಲಿರುವುದೆಲ್ಲ ಕನ್ನಡ ಭಾಷೆಯದಲ್ಲ. ಸಂಸ್ಕೃತ ಗ್ರಂಥಗಳು ಕನ್ನಡ ಲಿಪಿಯಲ್ಲಿ ಹೇರಳವಾಗಿ ಉಳಿದಿವೆ.

ಕೊನೆಯದಾಗಿ, ಲಿಪಿಕಾರನ ಮತ್ತು ಸ್ಥಳದ ಅಂಕಣಗಳು. ಬೆನ್ನು ಬಾಗಿಸಿ, ಕಣ್ಣು ನೋಯಿಸಿಕೊಂಡು, ಕಬ್ಬಿಣದ ಕಂಠದಿಂದ ಗರಿಗರಿಯನ್ನು ಕೊರೆದು, ಮೇಲೆ ಕಾಡಿಗೆಯನ್ನು ತೀಡಿ ಅಕ್ಷರ ಮೂಡಿಸಿದವನು ಆತ. ಯಾವ ಊರಿನಲ್ಲಿ, ಯಾವ ಅಯ್ಯನವರ ಅಪ್ಪಣೆಯಂತೆ, ಯಾರ ಪಾರಾಯಣಕ್ಕಾಗಿ ಬರೆದೆನೆಂದು ಆತ ಹೇಳಿರುವ ಒಂದು ವಾಕ್ಯದಲ್ಲಿ ಆ ಮಠದ ಗುರುಪರಂಪರೆಯ ಒಂದು ಕೊಂಡಿಯೇ ಇರಬಹುದು. ಶಿಲಾಶಾಸನ ಇಲ್ಲದ ಎಷ್ಟೋ ಸಣ್ಣ ಮಠಗಳಿಗೆ ಈ ಪುಷ್ಪಿಕೆಗಳೇ ಶಾಸನಗಳು.

ಇಂದಿನ ಸ್ಥಿತಿ, ನಮ್ಮ ಹೊಣೆ

ಕೇಂದ್ರ ಸರಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿ, ಎಲ್ಲ ಭಾಷೆಗಳ ಪ್ರತಿಗಳಿಗೂ ಒಂದೇ ಮಾದರಿಯ ನಮೂನೆಯನ್ನು ಬಳಕೆಗೆ ತಂದಿತು. 1868ರ ಯೋಜನೆಯಲ್ಲಿ ಇಲ್ಲದಿದ್ದ ಭಾಷೆಯ ಅಂಕಣ ಈಗ ಎಲ್ಲರಿಗೂ ತೆರೆದಿದೆ. 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಳಿಗಾಗಿ ‘ಜ್ಞಾನ ಭಾರತಂ’ ಎಂಬ ಯೋಜನೆಯನ್ನು ಸಾರಲಾಯಿತು. ಯಂತ್ರಗಳೂ ಬಂದಿವೆ, ಛಾಯಾಚಿತ್ರವೂ ಸುಲಭವಾಗಿದೆ. ಆದರೆ ಹೆಸರಿಲ್ಲದ ಛಾಯಾಚಿತ್ರಗಳ ರಾಶಿಗೂ ಹೆಸರಿಲ್ಲದ ಕಟ್ಟುಗಳ ರಾಶಿಗೂ ಹೆಚ್ಚಿನ ಭೇದವಿಲ್ಲ. ಗರಿಯನ್ನು ಓದಬಲ್ಲವರೊಬ್ಬರು ಕುಳಿತು ಓದಿ ಬರೆಯದ ಹೊರತು ಯಾವ ಯೋಜನೆಯೂ ಫಲಿಸದು. ಹಳೆಯ ಬರಹವನ್ನು ಓದಬಲ್ಲ ಹಿರಿಯರು ದಿನೇ ದಿನೇ ವಿರಳರಾಗುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ.

ನೆರೆಯ ಧರ್ಮಬಂಧುಗಳ ಮಾದರಿಯೊಂದು ನಮ್ಮ ಕಣ್ಣ ಮುಂದಿದೆ. ಮೂಡುಬಿದಿರೆ ಮೊದಲಾದ ಕಡೆಗಳ ಜೈನ ಮಠ ಭಂಡಾರಗಳ ಓಲೆಗರಿಗಳನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು 1948ರಲ್ಲಿಯೇ ಕಾಶಿಯ ಭಾರತೀಯ ಜ್ಞಾನಪೀಠದಿಂದ ಅಚ್ಚಾಯಿತು. ನಮ್ಮಲ್ಲಿಯೂ ವಿದ್ಯಾಪಕ್ಷಪಾತಿಗಳಾದ ಪೂಜ್ಯರು ಅನೇಕ ಮಠಗಳಲ್ಲಿ ಗ್ರಂಥ ಪ್ರಕಟಣೆಗೆ ಆಶ್ರಯವಿತ್ತಿದ್ದಾರೆ. ಅಷ್ಟೇ ಶ್ರದ್ಧೆಯಿಂದ ಪ್ರತಿಯೊಂದು ಮಠವೂ ತನ್ನಲ್ಲಿರುವ ಕಟ್ಟುಗಳ ಸೂಚಿಯೊಂದನ್ನು ಸಿದ್ಧಪಡಿಸಿ ಅಚ್ಚು ಹಾಕಿಸುವುದಾದರೆ ಅದೊಂದು ಚಿರಸ್ಮರಣೀಯ ಸೇವೆಯಾದೀತು.

ಭಕ್ತರು ತಮ್ಮ ಮನೆಯ ಮಟ್ಟಿಗೆ ಮಾಡಬಹುದಾದುದೂ ಉಂಟು. ಜೀರ್ಣವಾದ ಕಟ್ಟನ್ನು ಹೊಳೆಗೆ ಬಿಡುವ ರೂಢಿಯನ್ನು ದಯವಿಟ್ಟು ಕೈಬಿಡಿರಿ. ಗರಿಗಳ ಮೇಲೆ ಅರಿಸಿನ, ಕುಂಕು, ವಿಭೂತಿ, ನೀರು, ಅಡಿಗೆಯ ಎಣ್ಣೆ ಬೀಳದಿರಲಿ. ಪೂಜೆಯು ವಸ್ತ್ರದ ಮೇಲಿನಿಂದಲೇ ಸಲ್ಲಲಿ. ಮುರಿದ ಗರಿಗೆ ಅಂಟುಪಟ್ಟಿ ಹಚ್ಚಬೇಡಿರಿ. ಗರಿಯ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬೇಡಿರಿ. ಗರಿಗಳ ಕ್ರಮ ತಪ್ಪದಂತೆ ಎಣಿಸಿ, ಒಂದು ಚೀಟಿಯಲ್ಲಿ ಗರಿಗಳ ಸಂಖ್ಯೆ, ಓದಲು ಬಂದಷ್ಟು ಆದಿಯ ಮತ್ತು ಅಂತ್ಯದ ಸಾಲುಗಳು, ಕಟ್ಟು ಮನೆಗೆ ಬಂದ ಬಗೆಯ ಕುರಿತು ಹಿರಿಯರು ಹೇಳುವ ಮಾತು ಇವಿಷ್ಟನ್ನು ಬರೆದು ಕಟ್ಟಿನೊಡನೆ ಇರಿಸಿರಿ. ಇನ್ನೊಂದು ಪ್ರತಿಯನ್ನು ಸಮೀಪದ ಮಠಕ್ಕೋ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಕಳುಹಿಸಿರಿ. ಗ್ರಂಥವನ್ನು ಒಪ್ಪಿಸಲು ಮನಸ್ಸು ಬಾರದಿದ್ದರೆ ಬೇಡ. ಅದರ ಸುದ್ದಿಯನ್ನಾದರೂ ಒಪ್ಪಿಸಿರಿ.

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ಅಧ್ಯಾಪಕರಾಗಿ, ಗ್ರಂಥಪಾಲಕರಾಗಿ, ನಾನಾ ಉದ್ಯೋಗಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಶೇಷ ಬಿನ್ನಹ. ರಜೆಯಲ್ಲಿ ಊರಿಗೆ ಹೋದಾಗ ಒಂದು ಕಟ್ಟನ್ನಾದರೂ ಪಟ್ಟಿಗೆ ತನ್ನಿರಿ. ಅನ್ನದ ಋಣವನ್ನು ಅಕ್ಷರದಿಂದ ತೀರಿಸುವ ಸುಸಂಧಿ ಇದು. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದರೆ, ಹುಡುಕುವವರಿಗೆ ಗ್ರಂಥ ದೊರಕುವಂತೆ ಮಾಡುವುದೂ ದಾಸೋಹವೇ. ನಮ್ಮ ಪೂರ್ವಜರು ಕಲ್ಯಾಣದಿಂದ ತಲೆಯ ಮೇಲೆ ಹೊತ್ತು ತಂದು ಉಳಿಸಿದ ನುಡಿಗಳು ನಮ್ಮ ಗೂಡುಗಳಲ್ಲಿ ಹೆಸರಿಲ್ಲದೆ ಸವೆದು ಹೋಗದಿರಲಿ. ಒಂದೊಂದು ಕಟ್ಟಿಗೂ ಒಂದೊಂದು ಹೆಸರು ದೊರೆಯಲಿ. ಶರಣರ ವಾಣಿ ಬರುವ ತಲೆಮಾರಿಗೂ ತಲುಪಲಿ.